ಸಾಮಾಯಿಕ ಗೋಡೆಯ ಹಳೆಯ ಮನೆ: ಖರೀದಿಗೆ ಮುನ್ನ ನೋಡಬೇಕಾದ ಲೆಕ್ಕ

ಬಾಗಲಕೋಟೆಯ ಹಳೆಯ ಪೇಟೆ, ಇಳಕಲ್ಲಿನ ನೇಕಾರರ ಓಣಿಗಳು, ಹುನಗುಂದದ ಬಜಾರು, ಬಾದಾಮಿಯ ಗುಡ್ಡದ ಕೆಳಗಿನ ಗಲ್ಲಿಗಳು, ಇಲ್ಲೆಲ್ಲ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡೇ ನಿಂತಿವೆ. ಮುಂದೆ ಕಟ್ಟೆ ಅಥವಾ ಅಂಗಡಿ, ಒಳಗೆ ಪಡಸಾಲೆ, ಕೆಲವೆಡೆ ಮಗ್ಗದ ಕುಣಿ, ಹಿಂದೆ ಹಿತ್ತಿಲು, ತಲೆಯ ಮೇಲೆ ತೊಲೆ-ಜಂತಿಗಳು ಹೊತ್ತ ಮಣ್ಣಿನ ಮಾಳಿಗೆ. ಹೊಸ ಬಡಾವಣೆಯ ನಿವೇಶನದ ಬೆಲೆ ಕೇಳಿ ಹಿಂದೆ ಸರಿದ ವರ್ತಕರು ಇಂತಹ ಮನೆಯನ್ನು ವಾಸಕ್ಕೋ, ಗೋದಾಮಿಗೋ, ಮಗ್ಗ ಹೂಡಲಿಕ್ಕೋ ಕೊಳ್ಳುವುದುಂಟು. ಬೆಲೆ ಸೋವಿಯೆಂದು ಕಾಣುತ್ತದೆ. ಆದರೆ ಖರೀದಿಪತ್ರದಲ್ಲಿ ಬರೆದ ಮೊತ್ತವು ಆ ಮನೆಯ ನಿಜವಾದ ಬೆಲೆಯಲ್ಲ. ದುರಸ್ತಿ, ಮುದ್ರಾಂಕ ಶುಲ್ಕ ಮತ್ತು ತೆರಿಗೆಗಳು ಸೇರಿದ ನಂತರವೇ ಅದು ತಿಳಿಯುತ್ತದೆ.

ಮೊದಲು ಗೋಡೆಯ ವಿಚಾರ. ನಮ್ಮ ಭಾಗದ ಹಳೆಯ ಖರೀದಿಪತ್ರಗಳಲ್ಲಿ ಚತುಃಸೀಮೆ ಬರೆಯುವಾಗ 'ಸಾಮಾಯಿಕ ಗೋಡೆ' ಎಂಬ ಮಾತು ಬರುತ್ತದೆ. ಎರಡೂ ಮನೆಗಳ ತೊಲೆಗಳು ಒಂದೇ ಗೋಡೆಯ ಮೇಲೆ ಕುಳಿತಿರುತ್ತವೆ. ನೀವು ಮಾಳಿಗೆ ಬಿಚ್ಚಿದರೆ ನೆರೆಯವರ ಮಾಳಿಗೆಯೂ ಸಡಿಲಾಗಬಹುದು. 1882ರ ಭಾರತೀಯ ಅನುಭೋಗದ ಹಕ್ಕುಗಳ ಕಾಯ್ದೆಯ 15ನೇ ಕಲಂನ ಪ್ರಕಾರ ಬೆಳಕು, ಗಾಳಿ, ದಾರಿ, ಆಧಾರ ಇವುಗಳನ್ನು ಹಕ್ಕೆಂದು 20 ವರ್ಷ ಅಡೆತಡೆಯಿಲ್ಲದೆ ಅನುಭವಿಸಿದವರಿಗೆ ಅದು ಕಾಯಂ ಹಕ್ಕಾಗುತ್ತದೆ. ಹೀಗಾಗಿ ನೆರೆಯವರ ತೊಲೆಯನ್ನು ತೆಗೆಸುವುದಾಗಲಿ, ಅವರ ಹಳೆಯ ಕಿಟಕಿಗೆ ಅಡ್ಡಲಾಗಿ ಗೋಡೆ ಎತ್ತುವುದಾಗಲಿ ನಮ್ಮ ಇಚ್ಛೆಗೆ ಬಿಟ್ಟ ಕೆಲಸವಲ್ಲ. ಸಂಚಕಾರ ಕೊಡುವ ಮೊದಲೇ ಎರಡೂ ಪಕ್ಕದವರನ್ನು ಕಂಡು, ಗೋಡೆಯ ಅಳತೆಯ ನಕ್ಷೆಯೊಂದಿಗೆ ಯಾರು ಎಷ್ಟು ಖರ್ಚು ಭರಿಸಬೇಕೆಂಬ ಒಪ್ಪಂದವನ್ನು ಬರೆಯಿಸಿ ನೋಂದಾಯಿಸಿಕೊಳ್ಳುವುದು ಸೂಕ್ತ. ದುರಸ್ತಿ ಆರಂಭವಾದ ಮೇಲೆ ಈ ಮಾತು ಎತ್ತಿದರೆ ನೆರೆಯವರ ಷರತ್ತುಗಳು ಬೇರೆಯೇ ಆಗಿರುತ್ತವೆ.

ಮನೆಯ ದೇಹಸ್ಥಿತಿಯನ್ನು ಅಭಿಯಂತರರಿಂದ ಪರೀಕ್ಷಿಸಿಯೇ ಬೆಲೆ ಮಾತನಾಡಬೇಕು. ಸೋರಿದಾಗಲೆಲ್ಲ ಮಣ್ಣು ಏರಿಸುತ್ತ ಬಂದ ಮಾಳಿಗೆಯ ಭಾರ ತೊಲೆಗಳ ಶಕ್ತಿಯನ್ನು ಮೀರಿರುತ್ತದೆ. ಗೆದ್ದಲು ಹತ್ತುವುದು ತೊಲೆಯ ನಡುವಿಗಲ್ಲ, ಗೋಡೆಯೊಳಗೆ ಹುದುಗಿದ ತುದಿಗೆ; ಅದು ಕಣ್ಣಿಗೆ ಬೀಳುವುದಿಲ್ಲ. ಪಡಸಾಲೆಯ ಪರಸಿಯ ಕೆಳಗೆ ಮುಚ್ಚಿಹೋದ ಹಗೇವು ಇದ್ದರೆ ಗೋದಾಮಿನ ಭಾರಕ್ಕೆ ನೆಲ ಕುಸಿಯುವ ಅಪಾಯವುಂಟು. ಮಣ್ಣಿನ ಗೋಡೆಗೆ ಇತ್ತೀಚೆಗೆ ಸಿಮೆಂಟ್ ಗಿಲಾವು ಮಾಡಿ ಬಣ್ಣ ಹಚ್ಚಿದ ಮನೆಯನ್ನು ಕಂಡರೆ ನನಗೆ ಸಂಶಯವೇ ಹೆಚ್ಚು. ಸಿಮೆಂಟು ಒಳಗಿನ ತೇವವನ್ನು ಹೊರಬಿಡದೆ ಗೋಡೆಯನ್ನೇ ಮೆತ್ತಗೆ ಮಾಡುತ್ತದೆ. 2009 ಮತ್ತು 2019ರ ಪ್ರವಾಹಗಳನ್ನು ಕಂಡ ಮಲಪ್ರಭೆಯ ದಂಡೆಯ ಊರುಗಳಲ್ಲಿ ಗೋಡೆಯ ಬುಡವನ್ನು ಬಿಡಿಸಿಯೇ ನೋಡಬೇಕು. ಅಭಿಯಂತರರ ಅಂದಾಜುಪಟ್ಟಿ ಕೈಯಲ್ಲಿದ್ದರೆ ಬೆಲೆ ಇಳಿಸಲು ಅದೇ ಆಧಾರ. ಅದು ಮುಂದೆ ತೆರಿಗೆಯ ಕಾರ್ಯಕ್ಕೂ ಒದಗುತ್ತದೆ.

ಕಾಗದಪತ್ರಗಳ ಬಗ್ಗೆ ವಕೀಲರು ಹೇಳುವುದನ್ನು ಇಲ್ಲಿ ಪುನಃ ಬರೆಯುವುದಿಲ್ಲ. ಆದರೂ ನಮ್ಮ ಜಿಲ್ಲೆಗೆ ವಿಶೇಷವಾದ ಎರಡು ಸಂಗತಿಗಳನ್ನು ಹೇಳಲೇಬೇಕು. ಹಳೆಯ ಬಾಗಲಕೋಟೆಯ ಬಹುಭಾಗ ಆಲಮಟ್ಟಿ ಹಿನ್ನೀರಿಗೆ ಸಿಕ್ಕು ಜನ ನವನಗರಕ್ಕೆ ಸ್ಥಳಾಂತರಗೊಂಡದ್ದು ಎಲ್ಲರಿಗೂ ತಿಳಿದಿದೆ. 2010ರ ಡಿಸೆಂಬರ್ 30ರಂದು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅವಕಾಶವಿತ್ತಿತು. ಆದ್ದರಿಂದ ಮನೆಯು ಸ್ವಾಧೀನದ ಅಧಿಸೂಚನೆಯಲ್ಲಿದೆಯೇ ಎಂಬುದನ್ನು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದಿಂದ ಲಿಖಿತವಾಗಿಯೇ ಪಡೆಯಬೇಕು. 2013ರ ಭೂಸ್ವಾಧೀನ ಕಾಯ್ದೆಯ 11(4)ನೇ ಕಲಂನಂತೆ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ಆಸ್ತಿಯ ವ್ಯವಹಾರವನ್ನು ಜಿಲ್ಲಾಧಿಕಾರಿಗಳ ವಿನಾಯಿತಿಯಿಲ್ಲದೆ ಮಾಡುವಂತಿಲ್ಲ.

ಬಾದಾಮಿಯದು ಬೇರೆ ತೊಡಕು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಅಥವಾ ಅನಂತರ ಅನುಮತಿ ಪಡೆದೇ ಕಟ್ಟಿದ ಮನೆಯ ದುರಸ್ತಿಗೆ ಮಾತ್ರ ಅರ್ಜಿ ಹಾಕಬಹುದು. 'ಕೆಡವಿ ಹೊಸದಾಗಿ ಕಟ್ಟಿದರಾಯಿತು' ಎಂದುಕೊಂಡು ಅಲ್ಲಿ ಮನೆ ಕೊಂಡವರ ಬಂಡವಾಳವು ಕಟ್ಟಿಹಾಕಿದಂತೆಯೇ ಸರಿ.

ವಾರಸುದಾರರ ವಿಷಯದಲ್ಲಿ ಒಂದೇ ಮಾತು. 2005ರ ಸೆಪ್ಟೆಂಬರ್ 9ರ ತಿದ್ದುಪಡಿ ಮತ್ತು 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪಿತ್ರಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು. ಉತಾರದಲ್ಲಿ ಅಣ್ಣತಮ್ಮಂದಿರ ಹೆಸರು ಮಾತ್ರ ಇದ್ದರೂ ಅಕ್ಕತಂಗಿಯರ ಸಹಿ ಪಡೆಯದೆ ಹಣ ಕೊಡಬಾರದು.

ಇನ್ನು ತೆರಿಗೆ. ಇಲ್ಲಿ ಕಲಂಗಳನ್ನು 1961ರ ಆದಾಯ ತೆರಿಗೆ ಕಾಯ್ದೆಯಂತೆ ಕೊಟ್ಟಿದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬದಲಾಗಿವೆ, ತತ್ವ ಅದೇ.

ಹಾಳುಬಿದ್ದ ಮನೆಯ ಪೇಟೆ ಬೆಲೆ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕಡಿಮೆ ಇರುವುದು ಸಾಮಾನ್ಯ. ಉದಾಹರಣೆಗೆ ವರ್ತಕರೊಬ್ಬರು 18 ಲಕ್ಷ ರೂ.ಗಳಿಗೆ ಮನೆ ಕೊಳ್ಳುತ್ತಾರೆ, ಮಾರ್ಗಸೂಚಿಯಂತೆ ಅದರ ಮೌಲ್ಯ 22 ಲಕ್ಷ ಎಂದಿಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ 5%, ಉಪಕರ-ಅಧಿಭಾರ ಸೇರಿ ಪಟ್ಟಣದಲ್ಲಿ 5.6%, ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ 1%ಗೆ ಬದಲು 2%. ಇವೆರಡೂ 22 ಲಕ್ಷದ ಮೇಲೆಯೇ ಬೀಳುವುದರಿಂದ 1,67,200 ರೂ. ಆಯಿತು. ಇಲ್ಲಿಗೆ ಮುಗಿಯಲಿಲ್ಲ. ವ್ಯತ್ಯಾಸವು 50,000 ರೂ. ಅಥವಾ ಕೊಟ್ಟ ಬೆಲೆಯ 10%, ಇವುಗಳಲ್ಲಿ ದೊಡ್ಡದನ್ನು ಮೀರಿದರೆ 56(2)(ಎಕ್ಸ್) ಕಲಂನಂತೆ ಇಡೀ ವ್ಯತ್ಯಾಸವು ಕೊಂಡವರ ಆದಾಯವೆನಿಸುತ್ತದೆ. 18 ಲಕ್ಷದ 10% ಎಂದರೆ 1.80 ಲಕ್ಷ, ವ್ಯತ್ಯಾಸ 4 ಲಕ್ಷ. 10% ಕಳೆದು ಉಳಿದ 2.20 ಲಕ್ಷಕ್ಕೆ ಮಾತ್ರ ತೆರಿಗೆಯೆಂದು ಬಹುಜನ ಭಾವಿಸುತ್ತಾರೆ. ಹಾಗಲ್ಲ, ಪೂರ್ಣ 4 ಲಕ್ಷಕ್ಕೆ. 30% ದರದವರಿಗೆ ಉಪಕರ ಸೇರಿ 1,24,800 ರೂ. ಅಲ್ಲಿಗೆ ಒಂದು ಇಟ್ಟಿಗೆ ಇಡುವ ಮೊದಲೇ ಮನೆ 20,92,000 ರೂ.ಗಳಿಗೆ ಬಂದು ನಿಂತಿತು. ಮಾರಿದವರಿಗೂ 50-ಸಿ ಕಲಂನಂತೆ 22 ಲಕ್ಷವೇ ಮಾರಾಟ ಬೆಲೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ನೋಂದಣಿಯ ಅರ್ಜಿಯಲ್ಲಿ ಕಟ್ಟಡದ ವಯಸ್ಸು, ಗೋಡೆ ಮತ್ತು ಮಾಳಿಗೆಯ ಬಗೆ ಸರಿಯಾಗಿ ನಮೂದಾಗಬೇಕು. ಮಣ್ಣಿನ ಮಾಳಿಗೆಯನ್ನು ಆರ್‌ಸಿಸಿ ಎಂದು ಬರೆದ ಮೇಲೆ ಮೌಲ್ಯ ಹೆಚ್ಚಾಯಿತೆಂದು ಗೊಣಗುವುದರಲ್ಲಿ ಅರ್ಥವಿಲ್ಲ. ಕರಾರುಪತ್ರದ ದಿನ ಅಥವಾ ಅದಕ್ಕೆ ಮುಂಚೆ ಬ್ಯಾಂಕಿನ ಮೂಲಕ ಮುಂಗಡ ಕೊಟ್ಟಿದ್ದರೆ ಆ ದಿನದ ಮಾರ್ಗಸೂಚಿ ಬೆಲೆಯನ್ನೇ ಹಿಡಿಯಬಹುದು. ತೆರಿಗೆ ನಿರ್ಧರಣೆಯ ಕಾಲಕ್ಕೆ ಮೌಲ್ಯವನ್ನು ಪ್ರಶ್ನಿಸಿ ಇಲಾಖೆಯ ಮೌಲ್ಯಮಾಪಕರಿಗೆ ಒಪ್ಪಿಸುವಂತೆ ಕೋರಬಹುದು. ಅಭಿಯಂತರರ ವರದಿ ಮತ್ತು ಖರೀದಿಗೆ ಮುನ್ನ ತೆಗೆದ ಛಾಯಾಚಿತ್ರಗಳು ಬೇಕಾಗುವುದು ಆಗಲೇ. ತೆರಿಗೆ ಕಟ್ಟಲೇಬೇಕಾಗಿ ಬಂದರೆ, ಆ ಮೌಲ್ಯವನ್ನೇ ಮುಂದಿನ ಮಾರಾಟದಲ್ಲಿ ಖರೀದಿ ಬೆಲೆಯಾಗಿ ತೋರಿಸಲು 49(4)ನೇ ಕಲಂ ಅವಕಾಶ ಕೊಡುತ್ತದೆ.

ಸಂಚಕಾರವೆಂದು ನಗದು ಕೊಡುವ ರೂಢಿ ಇನ್ನೂ ಹೋಗಿಲ್ಲ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂ. ಅಥವಾ ಹೆಚ್ಚು ನಗದು ಪಡೆಯುವುದು 2015ರ ಜೂನ್ 1ರಿಂದ ನಿಷಿದ್ಧ. ದಂಡ ಪಡೆದ ಮೊತ್ತದಷ್ಟೇ, ಅದೂ ಮಾರಿದವರಿಗೆ. ಇದನ್ನು ತಿಳಿಸಿದರೆ ಮಾರುವವರೇ ಚೆಕ್ಕು ಕೇಳುತ್ತಾರೆ.

ಮನೆ ವ್ಯಾಪಾರಕ್ಕೆ ಉಪಯೋಗವಾಗುವುದಾದರೆ ದುರಸ್ತಿ ಖರ್ಚನ್ನು ಎಲ್ಲಿ ಬರೆಯಬೇಕೆಂಬ ಪ್ರಶ್ನೆ ಬರುತ್ತದೆ. 30ನೇ ಕಲಂ ಒಪ್ಪುವುದು ಚಾಲ್ತಿ ದುರಸ್ತಿಯನ್ನು ಮಾತ್ರ. ಹಳೆಯ ಚಿತ್ರಮಂದಿರವನ್ನು ವ್ಯಾಪಕವಾಗಿ ನವೀಕರಿಸಿದ ಖರ್ಚು ಚಾಲ್ತಿ ದುರಸ್ತಿಯಲ್ಲವೆಂದು 1997ರಲ್ಲಿ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂತೆಯೇ ಮನೆ ಕೊಂಡ ಕೂಡಲೆ ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಿದ ಖರ್ಚು ಬಂಡವಾಳ ವೆಚ್ಚ. ಅದನ್ನು ಕಟ್ಟಡದ ಬೆಲೆಗೆ ಸೇರಿಸಿ ವರ್ಷಕ್ಕೆ 10% ಸವಕಳಿ ಪಡೆಯಬೇಕು. ಭೂಮಿಗೆ ಸವಕಳಿ ಇಲ್ಲವೆಂಬುದು 1967ರ ಆಲ್ಪ್ಸ್ ಥಿಯೇಟರ್ ಪ್ರಕರಣದಿಂದಲೇ ಸ್ಪಷ್ಟವಿರುವುದರಿಂದ ಜಾಗದ ಮತ್ತು ಕಟ್ಟಡದ ಬೆಲೆಗಳನ್ನು ಆರಂಭದಲ್ಲೇ ಬೇರ್ಪಡಿಸಿರಬೇಕು. ಬಳಕೆ ಆರಂಭವಾಗಿ ಕೆಲವು ವರ್ಷಗಳ ನಂತರ ಗಿಲಾವು ತೇಪೆ, ಸೋರಿಕೆಯ ತಡೆ, ಬಣ್ಣ ಇವುಗಳಿಗೆ ಮಾಡುವ ಖರ್ಚು ಮಾತ್ರ ಆ ವರ್ಷದ ಲಾಭದಿಂದಲೇ ಕಳೆಯಲು ಯೋಗ್ಯ.

ಜಿಎಸ್‌ಟಿಯೂ ಇದೇ ಗೆರೆಯನ್ನು ಹಿಡಿದು ನಡೆಯುತ್ತದೆ. ಗುತ್ತಿಗೆದಾರರ ಬಿಲ್ಲಿನಲ್ಲಿರುವ 18% ತೆರಿಗೆಯ ಹೂಡುವಳಿ ಜಮೆಯು, ಖರ್ಚನ್ನು ಕಟ್ಟಡದ ಬೆಲೆಗೆ ಸೇರಿಸಿದಷ್ಟು ಮಟ್ಟಿಗೆ 17(5)ನೇ ಕಲಂನಂತೆ ದೊರೆಯುವುದಿಲ್ಲ. ಚಾಲ್ತಿ ದುರಸ್ತಿಯದು ತೆರಿಗೆ ಅನ್ವಯಿಸುವ ವ್ಯಾಪಾರಕ್ಕೆ ದೊರೆಯುತ್ತದೆ. ಆದಕಾರಣ ಸ್ಲ್ಯಾಬಿನ ಕೆಲಸಕ್ಕೂ ಬಣ್ಣದ ಕೆಲಸಕ್ಕೂ ಗುತ್ತಿಗೆದಾರರಿಂದ ಬೇರೆ ಬೇರೆ ಬಿಲ್ಲು ಕೇಳಬೇಕು. ಚಾಲ್ತಿ ದುರಸ್ತಿಯ ಖರ್ಚಿನಲ್ಲಿ ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಅದು 40ಎ(3) ಕಲಂನಲ್ಲಿ ಬಿದ್ದುಹೋಗುತ್ತದೆ. ಬಡಗಿ, ಗೌಂಡಿಗಳಿಗೆ ಬ್ಯಾಂಕ್ ಖಾತೆಯಿಲ್ಲವೆಂಬ ಕಾಲ ಈಗ ಉಳಿದಿಲ್ಲ.

ವಾಸಕ್ಕೆ ಕೊಂಡವರು ಬಿಲ್ಲುಗಳು ನಮಗೇಕೆ ಎನ್ನಬಹುದು. 2024ರ ಜುಲೈ 23ರಿಂದೀಚೆಗೆ ಕೊಂಡ ಮನೆಯನ್ನು ಎರಡು ವರ್ಷ ಮೀರಿ ಇಟ್ಟುಕೊಂಡು ಮಾರಿದರೆ ಬೆಲೆ ಸೂಚ್ಯಂಕದ ಲಾಭವಿಲ್ಲ, ಲಾಭದ ಮೇಲೆ 12.5% ತೆರಿಗೆ. ಹಣದುಬ್ಬರದ ಸೂಚ್ಯಂಕ ಹೋದ ಮೇಲೆ ಲಾಭವನ್ನು ತಗ್ಗಿಸಬಲ್ಲದ್ದು ಮಾಳಿಗೆ, ಗೋಡೆ, ನೆಲಗಳಿಗೆ ನಿಜವಾಗಿ ಮಾಡಿದ ಸುಧಾರಣೆಯ ಖರ್ಚು. ಹದಿನೈದು ವರ್ಷಗಳ ನಂತರ ಅದನ್ನು ರುಜುವಾತುಪಡಿಸಲು ಖರೀದಿಪತ್ರದ ಜೊತೆಗೇ ಹೊಲಿದಿಟ್ಟ ಬಿಲ್ಲು ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ನಕಲುಗಳೇ ಬೇಕು.