ವಿಚಾರಣೆಗೆಂದು ಕರೆದುಕೊಂಡು ಹೋದರೆ

ಒಂದು ಸ್ವಸಹಾಯ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಸದಸ್ಯೆಯೊಬ್ಬರು ಒಂದು ಮಾತು ಕೇಳಿದರು. ಊರಲ್ಲಿ ಅಡಿಕೆ ಕಳವಾಗಿತ್ತು. ರಾತ್ರಿ ಜೀಪು ಬಂದು ಅವರ ತಮ್ಮನನ್ನು ಹತ್ತಿಸಿಕೊಂಡು ಹೋಯಿತು. ಬೆಳಿಗ್ಗೆ ಠಾಣೆಗೆ ಹೋದರೆ, "ಅರೆಸ್ಟ್ ಮಾಡಿಲ್ಲಮ್ಮ, ಸುಮ್ನೆ ವಿಚಾರಣೆಗೆ ಕರ್ಕೊಂಡು ಬಂದಿದ್ದೀವಿ, ಮನೆಗೆ ಹೋಗು" ಅಂದರಂತೆ. ಮರುದಿನವೂ ಅದೇ ಮಾತು. ಮೂರನೆಯ ದಿನ ಹುಡುಗ ಕುಂಟುತ್ತಾ ಮನೆಗೆ ಬಂದ. ಕೇಸೂ ಇಲ್ಲ, ಕಾಗದವೂ ಇಲ್ಲ. "ಅರೆಸ್ಟೇ ಆಗಿಲ್ಲ ಅಂದ್ಮೇಲೆ ನಾವು ಕೇಳೋದಕ್ಕೆ ಏನಿದೆ?" ಎಂಬುದು ಅವರ ಪ್ರಶ್ನೆ.

ಕೇಳುವುದು ಬಹಳ ಇದೆ. ನಮ್ಮ ಸಂವಿಧಾನದ 22ನೇ ವಿಧಿ ಬಂಧಿತನಿಗೆ ಮೂರು ರಕ್ಷಣೆ ಕೊಟ್ಟಿದೆ: ಬಂಧನದ ಕಾರಣ ತಿಳಿಸಬೇಕು, ತನ್ನ ಇಷ್ಟದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಈ 24 ಗಂಟೆ ಎಲ್ಲಿಂದ ಶುರು ಎಂಬುದರಲ್ಲೇ ತೊಡಕು ಇರುವುದು. "ಬಂಧಿಸಿಲ್ಲ" ಅಂದುಬಿಟ್ಟರೆ ಗಡಿಯಾರವೇ ಶುರುವಾಗಲಿಲ್ಲ ಅಂತ ಆಗುತ್ತದೆ. ಆದರೆ ಒಬ್ಬ ಮನುಷ್ಯನಿಗೆ ತಾನಾಗಿ ಎದ್ದು ಮನೆಗೆ ಹೋಗಲು ಬಿಡದಿದ್ದರೆ, ಅದಕ್ಕೆ ಯಾವ ಹೆಸರಿಟ್ಟರೂ ಅದು ಬಂಧನವೇ. ನ್ಯಾಯಾಲಯಗಳು ಇದನ್ನು ಸ್ಪಷ್ಟವಾಗಿ ಹೇಳಿವೆ.

ವಿಚಾರಣೆಗೆ ಕರೆಯುವ ಅಧಿಕಾರ ಪೊಲೀಸರಿಗೆ ಇಲ್ಲವೆಂದಲ್ಲ. ಅಡಿಕೆ ಕಳೆದುಕೊಂಡವನೂ ನಮ್ಮವನೇ, ಕಳ್ಳ ಸಿಗಲಿ ಎಂದು ಅವನು ಬಯಸುವುದು ನ್ಯಾಯವೇ. ಆದರೆ ಕರೆಯುವುದಕ್ಕೊಂದು ಕ್ರಮ ಇದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 179ನೇ ಕಲಂ ಪ್ರಕಾರ ಸಾಕ್ಷಿಯನ್ನು ಲಿಖಿತ ಆದೇಶದ ಮೂಲಕವೇ ಕರೆಯಬೇಕು. ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಬರಲೇಬೇಕೆಂದಿಲ್ಲ, ಪೊಲೀಸರೇ ಅವರ ಮನೆಗೆ ಬರಬೇಕು. ಆರೋಪಿಯ ವಿಷಯ 35ನೇ ಕಲಂನಲ್ಲಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ, ಬಂಧನ ಯಾಕೆ ಅಗತ್ಯ ಎಂಬುದನ್ನು ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ನೋಟಿಸು ಕೊಟ್ಟು ಕರೆಯಬೇಕು. ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ಮೊದಲ ಸಲದ ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ 3 ವರ್ಷ, ಮನೆಯೊಳಗಿನ ಕಳವಿಗೆ 7 ವರ್ಷ. ಅಂದರೆ ಆ ತಮ್ಮನಿಗೆ ಬರಬೇಕಾಗಿದ್ದದ್ದು ರಾತ್ರಿಯ ಜೀಪಲ್ಲ, ಒಂದು ನೋಟಿಸು.

ಇಷ್ಟೆಲ್ಲ ನಿಯಮ ಹೇಗೆ ಬಂತು ಎಂಬುದನ್ನು ನಾವು ಸಂಘಗಳಲ್ಲಿ ಯಾವಾಗಲೂ ಹೇಳುತ್ತೇವೆ, ಯಾಕೆಂದರೆ ಅದರ ಹಿಂದೆ ಇರುವುದು ಒಂದು ಪತ್ರ. 1986ರ ಆಗಸ್ಟಿನಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಡಿ.ಕೆ. ಬಸು ಅವರು, ಲಾಕಪ್ಪಿನಲ್ಲಿ ಸತ್ತವರ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಯ ವಿಷಯವಾಗಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡಿತು. ಹತ್ತು ವರ್ಷದ ನಂತರ, 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣಬೇಕು. ದಿನಾಂಕ, ಸಮಯ ಬರೆದ ಬಂಧನ ಪತ್ರ ತಯಾರಿಸಿ, ಅದಕ್ಕೆ ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ರುಜು ಹಾಕಿಸಬೇಕು. ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. ಕಸ್ಟಡಿಯಲ್ಲಿ ಇರುವಷ್ಟು ದಿನ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. ಇವುಗಳಲ್ಲಿ ಹಲವು ಮುಂದೆ ಕಾನೂನಿನೊಳಗೇ ಸೇರಿದವು.

ಹಾಗಾದರೆ ಮನೆಯವರು ಏನು ಮಾಡಬೇಕು? ಠಾಣೆಯಲ್ಲಿ ಜಗಳ ಬೇಡ. ಅಲ್ಲಿನ ಪೇದೆಗೂ ಎರಡು ದಿನದಿಂದ ನಿದ್ದೆ ಇರುವುದಿಲ್ಲ. ಮೊದಲು ಸಮಯ ಬರೆದಿಡಿ. ಎಷ್ಟು ಗಂಟೆಗೆ ಬಂದರು, ಜೀಪಿನ ನಂಬರು ಎಷ್ಟು, ಯಾರು ನೋಡಿದರು ಎಂಬುದನ್ನು ಮಕ್ಕಳ ನೋಟ್‌ಬುಕ್ಕಿನಲ್ಲಾದರೂ ಬರೆಯಿರಿ. ಹಿಂದೆಲ್ಲ ಕೂಡಲೇ ಎಸ್‌ಪಿಯವರಿಗೆ ಟೆಲಿಗ್ರಾಂ ಕಳಿಸಿ ಎನ್ನುತ್ತಿದ್ದೆವು. ಆ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಈಗ ಸ್ಪೀಡ್ ಪೋಸ್ಟ್ ಅಥವಾ ಇ-ಮೇಲ್ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಗಡಿಯಾರ ಯಾವಾಗ ಶುರುವಾಯಿತು ಎಂದು ನಾಳೆ ಕೋರ್ಟಿನಲ್ಲಿ ಹೇಳುವುದು ಆ ರಸೀದಿಯೇ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ಬಿಡದೇ ಇಟ್ಟುಕೊಂಡರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು.

ಒಳಗಿರುವವನಿಗೂ ಎರಡು ಮಾತು. ಖಾಲಿ ಹಾಳೆಗೆ ರುಜು ಹಾಕಬಾರದು. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವನ ರುಜು ಬೇಕಾಗಿಯೇ ಇಲ್ಲ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಅವನ ವಿರುದ್ಧ ಸಾಕ್ಷ್ಯವಾಗುವುದೂ ಇಲ್ಲ. (ಅವನ ಮಾತಿನಿಂದ ಮಾಲು ಸಿಕ್ಕರೆ ಅಷ್ಟು ಭಾಗ ಮಾತ್ರ ಬೇರೆ.) ಇನ್ನೊಂದು, ಹೊಡೆದಿದ್ದರೆ ವೈದ್ಯರ ಹತ್ತಿರ, ಮ್ಯಾಜಿಸ್ಟ್ರೇಟರ ಹತ್ತಿರ ಬಾಯಿಬಿಟ್ಟು ಹೇಳಬೇಕು. ಹೆದರಿ ತಲೆ ತಗ್ಗಿಸಿ ನಿಂತರೆ ದಾಖಲೆಯಲ್ಲಿ "ದೂರಿಲ್ಲ" ಎಂದೇ ಉಳಿಯುತ್ತದೆ.

ಆ ಸದಸ್ಯೆಯ ತಮ್ಮನ ಗಾಯ ಆಗಲೇ ಮಾಗಿತ್ತು, ಚೀಟಿ ಮಾಡಿಸಿರಲಿಲ್ಲ. ಆದರೂ ಘಟನೆಯಿಂದ ಒಂದು ವರ್ಷದೊಳಗೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು ಎಂದೆವು. ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆಯಲು ಕುಳಿತೆವು. ಜೀಪು ಬಂದ ಸಮಯ ಅವರಿಗೆ ನೆನಪಿರಲಿಲ್ಲ. ಪಕ್ಕದಲ್ಲಿದ್ದ ನೆರೆಮನೆಯವರು ತಕ್ಷಣ ಅಂದರು: "ಕೊನೇ ಬಸ್ಸು ಆಗಷ್ಟೇ ಹೋಗಿತ್ತಲ್ಲ ಅಕ್ಕಾ, ಒಂಬತ್ತೂಕಾಲು."