ಸವಳು ಗೋಡೆಯ ಮೇಲೆ ಗಿರಿಜೆಯ ಮದುವೆ

ಗೌಂಡಿ ಮೂರು ಸಲ ಹೇಳಿದ್ದ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಓದಿ ಅವನೇ ನಗುತ್ತಾನೆ. "ಮಾಸ್ತರ, ಗೋಡಿ ಇನ್ನೂ ಹಸಿ ಐತ್ರಿ. ಒಂದ್ ಬ್ಯಾಸಗಿ ಹಾಯ್ಲಿ. ಆಮ್ಯಾಲ ಏನರ ಹಚ್ಚಿಕೊಳ್ರಿ." ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದವನು ನಾನು. ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ.

ಗೋಡೆಗೆ ಚಿತ್ರ ಹಚ್ಚುವ ಈ ಹುಚ್ಚು ಹತ್ತಿದ್ದು ಹಂಪಿಗೆ ಹೋದಾಗ. ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಎಲ್ಲರೂ ದೇವರ ಕಡೆ ನೋಡುತ್ತಿದ್ದರೆ ನಾನು ಕತ್ತು ಮೇಲೆತ್ತಿ ನಿಂತೆ. ಮೇಲ್ಛಾವಣಿಯ ತುಂಬ ಕೆಮ್ಮಣ್ಣಿನ ಕೆಂಪು. ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ, ಶಿವನಿಗೆ ಬಾಣ ಹೂಡಿದ ಮನ್ಮಥ, ಮೀನಿಗೆ ಗುರಿಯಿಟ್ಟ ಅರ್ಜುನ, ಮತ್ತೆ ಗಿರಿಜಾ ಕಲ್ಯಾಣ. ಅದೇ ಹಂಪಿಯ ಹರಿಹರ ಇದೇ ಮದುವೆಯ ಮೇಲೆ ಕಾವ್ಯ ಬರೆದವನು, ಅದನ್ನು ಎಷ್ಟು ವರ್ಷ ಪಾಠ ಮಾಡಿದ್ದೆನೋ. ಹೊಸ ಮನೆಯ ಪಡಸಾಲೆಗೆ ಈ ಚಿತ್ರವೇ ಬೇಕು ಎಂದು ಅಲ್ಲೇ ಗೊತ್ತುಮಾಡಿಕೊಂಡೆ. ಅಜ್ಜಿಯ ಕಾಲಕ್ಕೆ ನಮ್ಮ ಹಳೇ ಮನೆಯಲ್ಲಿ ರವಿವರ್ಮನ ಅಚ್ಚುಕೂಟದ ಲಕ್ಷ್ಮೀ ಇದ್ದಳು, ಆಮೇಲೆ ಎಣ್ಣೆ ಅಂಗಡಿಯ ಕ್ಯಾಲೆಂಡರ್ ಬಂತು. ನನಗೆ ಅದಕ್ಕಿಂತ ಹಿಂದಕ್ಕೆ ಹೋಗಬೇಕಿತ್ತು.

ಕಾಕಾಗೆ ಇದು ಸೇರಲಿಲ್ಲ. "ಗುಡಿ ಮಾಳಿಗಿ ಮ್ಯಾಲಿಂದು ಗುಡ್ಯಾಗ ಇರಬೇಕೋ ತಮ್ಮಾ. ಕೊರಳಾಗ ಲಿಂಗ ಐತಿ, ಗೋಡಿ ಮ್ಯಾಲ ಯಾಕ?" ಗುಡ್ಡಾಪುರದ ದಾನಮ್ಮದೇವಿಯ ಫೋಟೋ ಒಂದು ಸಾಕು ಎಂಬುದು ಅವರ ವಾದ. ಆ ಹನ್ನೆರಡನೇ ಶತಮಾನದ ಶರಣೆ ನಮ್ಮ ಜತ್ತ ತಾಲೂಕಿನ ಉಮರಾಣಿಯವಳು, ಅವಳ ಮೇಲೆ ನನಗೂ ಭಕ್ತಿ ಉಂಟು. ಆದರೆ ಕಾಕಾ ಬೇಡ ಅಂದರಲ್ಲ, ಅಷ್ಟಕ್ಕೇ ನನಗೆ ಇನ್ನಷ್ಟು ಬೇಕಾಯಿತು.

ಮೊದಲ ಪೆಟ್ಟು ಅಚ್ಚಿನ ಅಂಗಡಿಯಲ್ಲಿ. ನನ್ನ ಮೊಬೈಲಿನ ಹನ್ನೆರಡು ಮೆಗಾಪಿಕ್ಸೆಲ್ ಫೋಟೋ ಅಡ್ಡಕ್ಕೆ ಸುಮಾರು 4000 ಚುಕ್ಕೆ. ಎಂಟು ಅಡಿಗೆ ಎಳೆದರೆ ಇಂಚಿಗೆ ನಲವತ್ತರ ಮೇಲೆ ಒಂದೆರಡು ಚುಕ್ಕೆ, ಅಷ್ಟೆ. ಹತ್ತಿರದಿಂದ ನೋಡುವ ಚಿತ್ರಕ್ಕೆ ನೂರಾದರೂ ಬೇಕು. ಅಂಗಡಿಯ ಹುಡುಗ ಈ ಲೆಕ್ಕ ಹೇಳಲಿಲ್ಲ, ರೊಕ್ಕದ ಲೆಕ್ಕವನ್ನಷ್ಟೇ ಹೇಳಿದ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಒಯ್ದಿದ್ದ ಚಿತ್ರದ ಹೆಸರು ಅವನ ಕಂಪ್ಯೂಟರಿನಲ್ಲಿ ಗುಣಿತ, ಒತ್ತು ಕಳಚಿಕೊಂಡು 'ಗರಿಜಾ ಕಲಯಾಣ' ಆಗಿತ್ತು. ಅದೊಂದನ್ನು ಹಿಡಿದೆ, ಮಾಸ್ತರನಲ್ಲವೇ. ಗಿರಿಜೆಯ ಕಣ್ಣು ಎಳ್ಳು ಚೆಲ್ಲಿದಂತೆ ಒಡೆದಿದ್ದು ಮಾತ್ರ ಮನೆಗೆ ಬಂದ ಮೇಲೆ ಕಂಡಿತು.

ಹಿಂದೆ ಅಂಟು ಇರುವ ವಿನೈಲ್ ಹಾಳೆ ಅದು. ದಸರೆಗೆ ಮುಂಚೆ ಗಿಲಾವು ಆಗಿತ್ತು, ದೀಪಾವಳಿಗೆ ಹಾಳೆ ಅಂಟಿಸಿದೆವು, ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ಜಾತ್ರೆ ಕೂಡುವುದರೊಳಗೆ ವಾಸ್ತುಶಾಂತಿ ಮುಗಿಸುವುದೆಂದು ಗೊತ್ತಾಯಿತು. ಮನೆ ಕಟ್ಟಿದ್ದು ನಮ್ಮ ಬೋರಿನ ನೀರಿನಲ್ಲಿ. ಈ ಕಡೆಯ ಬೋರು ಎಂಥ ಸವಳು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ವಾಸ್ತುಶಾಂತಿಯ ದಿನ ಮಗಳನ್ನು ಕೇಳಿದ್ದ ಇಂಡಿ ಕಡೆಯವರೂ ಬಂದಿದ್ದರು. ಹೆಣ್ಣುಮಕ್ಕಳನ್ನು ಚಿತ್ರದ ಕೆಳಗೇ ಜಮಖಾನೆ ಹಾಸಿ ಕೂರಿಸಿದ್ದೆ, ಎದ್ದು ಕಾಣಲಿ ಎಂದು. ಹೋಮದ ಬಿಸಿ ಏರುತ್ತಿದ್ದಂತೆ ಶಿವನ ಹೊಟ್ಟೆಯ ಹತ್ತಿರ ಒಂದು ಗುಳ್ಳೆ ಎದ್ದಿತು. ಹೊಗೆಯಲ್ಲಿ ಕಣ್ಣು ಮಂಜಾಗಿದೆ ಅಂದುಕೊಂಡೆ. ಗುಳ್ಳೆ ಸರಿದು ಸರಿದು ಗಿರಿಜೆಯ ಗಲ್ಲಕ್ಕೆ ಹೋಯಿತು. ಹಲ್ಲುನೋವು ಬಂದವಳ ಹಾಗೆ ಆಕೆಯ ಮುಖ ಊದಿತು. ನಮ್ಮಾಕಿ ನೋಡಿದಳು. ನಾನು ಅವಳನ್ನು ನೋಡಿದೆ. ಪೂರ್ಣಾಹುತಿಗೆ ಎದ್ದು ನಿಂತವನು ನಾನು, ಕೈಯಲ್ಲಿ ಕೊಬ್ಬರಿ ಬಟ್ಟಲು, ಎಲ್ಲಿ ಓಡಲಿ? ಮೇಲಿನ ಮೂಲೆ 'ಚರ್' ಅಂತು. ಮತ್ತೊಂದು ಮೂಲೆಯೂ ಬಿಟ್ಟಿತು. ಎಂಟು ಅಡಿ ಹಾಳೆ, ಹಿಂದೆ ಕಿತ್ತುಬಂದ ಬಣ್ಣ, ಗಿಲಾವಿನ ಹೆಕ್ಕಳಿಕೆ, ಉಪ್ಪಿನ ಬಿಳಿ ಪುಡಿ ಎಲ್ಲ ಸೇರಿ, ಮೆಲ್ಲಗೆ, ಚಾದರ ಹೊದಿಸಿದ ಹಾಗೆ ಹೆಣ್ಣುಮಕ್ಕಳ ತಲೆಯ ಮೇಲೆ ಇಳಿಯಿತು. ಒಳಗಿಂದ ಬಳೆ ಸಪ್ಪಳ, ಯಾವುದೋ ಕೂಸಿನ ಅಳು. ಮಂತ್ರ ನಿಂತಿತು. ಆ ಮೌನದಲ್ಲಿ ಕಾಕಾ ಅಂದರು: "ಮದುವಿ ಚಿತ್ರನ ಬಿತ್ತಲ್ಲೋ!"

ಬೀಗರಾಗುವವರ ಎದುರಿಗೆ ಆ ಮಾತು ಬೇಕಿತ್ತೇ? ಹಾಳೆ ಬಿದ್ದದ್ದನ್ನು ನಾನು ಮರೆತೇನು, ಆ ಮಾತನ್ನು ಮರೆಯಲಾರೆ.

ಹುಡುಗನ ತಾಯಿಯೇ ಹಾಳೆಯ ಅಂಚು ಎತ್ತಿ ಹೊರಬಂದರು, ತಲೆಯ ತುಂಬ ಸವಳಿನ ಪುಡಿ. ಹಿಂದಿದ್ದ ಮುದುಕಿಯನ್ನು ಕೈಹಿಡಿದು ಎಬ್ಬಿಸಿ, "ಏನ್ ಆಗಿಲ್ಲ ಬಿಡ್ರಿ, ಅಕ್ಷತಿ ಬಿದ್ದಂಗ ಬಿತ್ತು" ಅಂದರು. ಮರು ವೈಶಾಖದಲ್ಲಿ ಮದುವೆ ಆಯಿತು.

ಆಮೇಲೆ ಗೌಂಡಿ ಬಂದು ಉಗುರಿನಿಂದ ಗೋಡೆ ಕೆರೆದು ತೋರಿಸಿದ. ಸಿಮೆಂಟು ಒಳಗಿನ ನೀರನ್ನು ಹೊರಗೆ ಬಿಡಬೇಕು, ನಾನು ಪ್ಲಾಸ್ಟಿಕ್ ಹೊದಿಸಿ ಬಾಯಿ ಕಟ್ಟಿದ್ದೆ. ನೀರಿನ ಜೊತೆ ಬಂದ ಉಪ್ಪು ಹಾಳೆಯ ಹಿಂದೆ ಹರಳುಗಟ್ಟಿ ನೂಕಿತು. ಹಂಪಿಯವರು ಸುಣ್ಣದ ಗಚ್ಚಿನ ಮೇಲೆ ಬರೆದರು, ಗಚ್ಚು ಉಸಿರಾಡುತ್ತದೆ. ಮಂಟಪ 1510ರಲ್ಲಿ ಕೃಷ್ಣದೇವರಾಯ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ್ದು; ಚಿತ್ರಗಳು ಆಗಿನವೋ, ಬಹಳ ಕಾಲದ ಮೇಲೆ ಬರೆದವೋ ಎಂದು ಪಂಡಿತರು ಇನ್ನೂ ಜಗಳಾಡುತ್ತಾರೆ. ಯಾವಾಗಿನವಾದರೂ ಇರಲಿ, ಅವು ಇನ್ನೂ ಮೇಲಿವೆ. ನನ್ನದು ಹತ್ತೊಂಬತ್ತು ದಿನ.

ಕೇಳುವವರಿಗೆ ಹೇಳುವುದಿಷ್ಟೇ: ಒಂದು ಪ್ಲಾಸ್ಟಿಕ್ ಚೂರನ್ನು ನಾಲ್ಕೂ ಕಡೆ ಟೇಪು ಹಚ್ಚಿ ಗೋಡೆಗೆ ಒಂದೆರಡು ದಿನ ಬಿಡಿ, ಒಳಗೆ ಬೆವರಿದರೆ ಚಿತ್ರದ ಮಾತು ಎತ್ತಬೇಡಿ. ಅಂಟಿಸಬೇಡಿ, ಚೌಕಟ್ಟು ಹಾಕಿಸಿ, ಹಿಂದೆ ಒಂದಿಂಚು ಗಾಳಿಯಾಡುವಂತೆ ತೂಗುಹಾಕಿ. ಕಾಕಾನನ್ನು ದೂರ ಕೂರಿಸಿ.

ಹಾಳೆಯಲ್ಲಿ ಹರಿಯದೆ ಉಳಿದ ಎರಡಡಿ ತುಂಡಿಗೆ ಕಟ್ಟು ಹಾಕಿಸಿದ್ದೇನೆ. ಅದರಲ್ಲಿ ಶಿವನೂ ಇಲ್ಲ, ಗಿರಿಜೆಯೂ ಇಲ್ಲ, ಮದುವೆಗೆ ಬಂದವರು ಸಾಲಾಗಿ ನಿಂತಿದ್ದಾರೆ. ಮೊನ್ನೆ ಬಂದವರಿಗೆ ಕಾಕಾ ಅದನ್ನು ಬೆರಳು ಮಾಡಿ ತೋರಿಸುತ್ತಿದ್ದರು: "ಹಂಪಿದು. ನಾನs ಹೇಳಿ ಹಚ್ಚಿಸೇನಿ."