ಮೊದಲು ಸೊಪ್ಪು ಮೂಸುವುದನ್ನು ಕಲಿ

ನೋಡು ಮಗಾ, ನಿನ್ನ ಹುರುಪಿಗೆ ಅಡ್ಡ ಬರುವವನು ನಾನಲ್ಲ. ಮುಂಬೈಯ ವಿಲೆ ಪಾರ್ಲೆಯ ಎರಡು ಕೋಣೆಯ ಮನೆಯಲ್ಲಿ ಗಾಜಿನ ಬಾಟ್ಲಿಗಳ ಸಾಲು ಇಟ್ಟುಕೊಂಡು, ಪೈಪಿನ ತಂಬಾಕನ್ನು ನಾನೇ ಬೆರೆಸುತ್ತೇನೆ, ಘಮವನ್ನೂ ನಾನೇ ಹಾಕುತ್ತೇನೆ ಎಂದು ಕೂತಿದ್ದೀಯ. ನಿನ್ನ ಕೈ ಚುರುಕು, ಮೂಗು ಇನ್ನೂ ಚುರುಕು. ಕಡಿಮೆಯಿರುವುದು ತಾಳ್ಮೆ ಮಾತ್ರ. ಮೊನ್ನೆ ಮೂಸಿ ನೋಡಿ ತಾತ ಎಂದು ಕೊಟ್ಟೆಯಲ್ಲ, ಅದರಲ್ಲಿ ವೆನಿಲ್ಲಾ ಇತ್ತು, ಕೋಕೋ ಇತ್ತು, ಜೇನು ಇತ್ತು, ರಮ್ಮೂ ಇತ್ತು. ತಂಬಾಕು ಎಲ್ಲಿ ಹೋಯಿತಪ್ಪ? ನಮ್ಮ ಪಾರ್ಲೆಯ ಬಿಸ್ಕತ್ತು ಕಾರ್ಖಾನೆ ಬಾಗಿಲು ಹಾಕಿದ್ದು 2016ರಲ್ಲಿ. ಅದರ ವಾಸನೆಯನ್ನೆಲ್ಲ ನೀನೊಬ್ಬನೇ ಬಾಟ್ಲಿಯಲ್ಲಿ ತುಂಬಿಸಿಟ್ಟುಕೊಂಡಿದ್ದೀಯ.

ಈ ಊರಿಗೆ ತಂಬಾಕು ಹೊಸದೇನಲ್ಲ. ನೀನು ದಿನಾ ರಿಕ್ಷಾ ಹಿಡಿಯುವ ಎಸ್.ವಿ. ರೋಡಿನಲ್ಲೇ ಗೋಲ್ಡನ್ ಟೊಬ್ಯಾಕೊದ ಕಾರ್ಖಾನೆ ಇತ್ತು. 1930ರಲ್ಲಿ ಶುರುವಾದ ಕಂಪನಿ. ಪನಾಮಾ ಸಿಗರೇಟು ಅವರದೇ. ದೊಡ್ಡ ಕಾರ್ಖಾನೆಗಳಲ್ಲಿ ಬೆರಕೆಗೆ ಒಂದು ಕ್ರಮ ಉಂಟು. ಮೊದಲು ಸೊಪ್ಪು ಆರಿಸುತ್ತಾರೆ. ಆಮೇಲೆ ಅದಕ್ಕೆ ಸಿಹಿ ಬೆರೆಸಿದ ನೀರು ಕುಡಿಸುತ್ತಾರೆ. ಕತ್ತರಿಸಿ, ಒಣಗಿಸಿ, ಕಟ್ಟಕಡೆಗೆ ಮೇಲಿಂದ ಚೂರೇ ಚೂರು ಘಮ ಸಿಂಪಡಿಸುತ್ತಾರೆ. ನೀನು ಆ ಕಟ್ಟಕಡೆಯ ಕೆಲಸವನ್ನು ಮೊದಲು ಹಿಡಿದಿದ್ದೀಯ.

ನಾನು ಹುಣಸೂರು ಸೀಮೆಯ ಹೊಗೆಸೊಪ್ಪಿನ ಮನೆಯಲ್ಲಿ ಬೆಳೆದವನು ಅನ್ನುವುದು ನಿನಗೆ ಗೊತ್ತು. ಮುಂಗಾರಿನಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಸೊಪ್ಪು ಹದ ಮಾಡುವ ಬ್ಯಾರನ್ನಿನ ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಿದ್ದೆವು. ಹೊರಗಡೆ ಒಲೆಗೆ ಸೌದೆ ಒಟ್ಟಿದರೆ, ನೆಲದ ಮೇಲೆ ಹಾಯಿಸಿದ ತಗಡಿನ ಕೊಳವೆಗಳಲ್ಲಿ ಬಿಸಿ ಓಡಾಡುತ್ತದೆ. ಹೊಗೆ ಹೊರಕ್ಕೆ, ಕಾವು ಮಾತ್ರ ಒಳಕ್ಕೆ. ಮೊದಲು ಮೂವತ್ತೈದು ಡಿಗ್ರಿಯ ಆಸುಪಾಸು, ಹಸಿರು ಹಳದಿಗೆ ತಿರುಗುವವರೆಗೆ. ಆಮೇಲೆ ಐವತ್ತು ದಾಟಿಸಿ ಎಲೆ ಒಣಗಿಸಬೇಕು. ಕೊನೆಗೆ ಎಪ್ಪತ್ತಕ್ಕೆ ಏರಿಸಿದರೆ ನಡುದಂಟು ಲಟಕ್ಕೆಂದು ಮುರಿಯುತ್ತದೆ. ಇದಕ್ಕೆಲ್ಲ ಐದಾರು ದಿನ ಬೇಕು, ರಾತ್ರಿಯೆಲ್ಲ ಎದ್ದು ನೋಡುತ್ತಿರಬೇಕು. ಸೊಪ್ಪು ಹಳದಿಯಾಗುವ ಮೊದಲೇ ಯಾರಾದರೂ ಆತುರಗಾರ ಉರಿ ಜೋರು ಮಾಡಿದನೋ, ಹಸಿರು ಅಲ್ಲೇ ಕೂತುಬಿಟ್ಟಿತು. ಆಮೇಲೆ ತಲೆಕೆಳಗಾಗಿ ನಿಂತರೂ ಹೋಗುವುದಿಲ್ಲ, ಹರಾಜಿನಲ್ಲಿ ಒಳ್ಳೆ ಬೆಲೆಯೂ ಸಿಗುವುದಿಲ್ಲ. ಮೆಲ್ಲಗೆ ಹಳದಿಯಾಗುವ ಆ ಹೊತ್ತಿನಲ್ಲೇ ಎಲೆಯೊಳಗಿನ ಪಿಷ್ಟ ಸಕ್ಕರೆಯಾಗುವುದು. ನೀನು ಜೇನು ಸುರಿದು ತರಲು ಹೊರಟ ಸಿಹಿ, ಹೀಗೆ ಹದವಾದ ಒಳ್ಳೆ ವರ್ಜೀನಿಯಾ ಸೊಪ್ಪಿನಲ್ಲಿ ಆಗಲೇ ಕೂತಿದೆ. ಒಂದು ಎಲೆ ಅಂಗೈಯಲ್ಲಿಟ್ಟು ಬಾಯಿಂದ ಹಾ ಎಂದು ಉಸಿರು ಬಿಡು, ಬೆಚ್ಚಗಾದ ಮೇಲೆ ಮೂಸು. ಒಣಹುಲ್ಲು, ಒಣದ್ರಾಕ್ಷಿ, ಹಿಂದೆ ಸಣ್ಣಗೆ ಹುಳಿ. ಅಷ್ಟು ನಿನಗೆ ಸಿಕ್ಕುವವರೆಗೆ ವೆನಿಲ್ಲಾ ಬಾಟ್ಲಿಯ ಮುಚ್ಚಳ ತೆಗೆಯಬೇಡ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ರಾಮನಾಥಪುರದ ಕಡೆಯ ಸೊಪ್ಪು ಮುಂದೆ ಬಂದು ಮೆರೆಯುವ ಜಾತಿಯದಲ್ಲ. ಬೆರಕೆಯಲ್ಲಿ ಮೈ ತುಂಬಿಕೊಡುತ್ತದೆ, ಬೇರೆ ಸೊಪ್ಪಿನ ರುಚಿಗೆ ಅಡ್ಡಿ ಮಾಡುವುದಿಲ್ಲ. ಹೊರದೇಶದವರು ಕೊಳ್ಳುವುದು ಅದಕ್ಕೇ. ಬರ್ಲಿ ಸೊಪ್ಪು ಬೇರೆ ಥರ. ಅದನ್ನು ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಒಣಗಿಸುತ್ತಾರೆ, ಸಕ್ಕರೆಯೆಲ್ಲ ಹೋಗಿರುತ್ತದೆ, ಏನು ಕುಡಿಸಿದರೂ ಹೀರಿಕೊಳ್ಳುತ್ತದೆ. ಘಮ ಹಾಕುವ ಆಸೆಯಿದ್ದರೆ ಬರ್ಲಿಗೆ ಹಾಕು, ವರ್ಜೀನಿಯಾವನ್ನು ಅದರ ಪಾಡಿಗೆ ಬಿಡು. ಸೈಪ್ರಸ್ಸಿನ ಲಟಾಕಿಯಾ ಸೌದೆಯ ಹೊಗೆಯಲ್ಲಿ ಹದವಾದ ಕರೀ ಸೊಪ್ಪು. ಚಿಟಿಕೆ ಹೆಚ್ಚಾದರೆ ಬೇರೇನೂ ಉಳಿಯುವುದಿಲ್ಲ. ನಿಪ್ಪಾಣಿಯ ಬೀಡಿ ತಂಬಾಕನ್ನು ಪೈಪಿಗೆ ತರಲೇಬೇಡ, ಅದರ ಖಾರವನ್ನು ನಿನ್ನ ತಲೆ ತಡೆಯುವುದಿಲ್ಲ. ಇನ್ನೊಂದು ಮಾತು. ಊರ ಕಡೆಯ ಗೆಳೆಯನಿಂದ ಕದ್ದುಮುಚ್ಚಿ ಸೊಪ್ಪು ತರಿಸುವ ಯೋಚನೆ ನಿನಗಿದೆ ಅಂತ ಕೇಳಿದೆ. ವರ್ಜೀನಿಯಾ ಸೊಪ್ಪನ್ನು ರೈತ ಮಾರಬೇಕಾದ್ದು ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ. ನಿನ್ನ ಹವ್ಯಾಸಕ್ಕಾಗಿ ಅವನ ಲೈಸೆನ್ಸಿಗೆ ಕುತ್ತು ತರಬೇಡ. ಅಂಗಡಿಯಲ್ಲಿ ಘಮ ಹಾಕದ ತಂಬಾಕು ಕೇಳಿ ತಗೋ.

ಬೆರೆಸುವಾಗ ಹತ್ತು ಗ್ರಾಮಿಗಿಂತ ಹೆಚ್ಚು ತೂಗಬೇಡ. ಅಂದಾಜು ಸಾಕು ಅನ್ನುವ ನಿನ್ನ ಸ್ವಭಾವ ನನಗೆ ಗೊತ್ತು, ಅದು ಇಲ್ಲಿ ನಡೆಯದು. ಸಣ್ಣ ತಕ್ಕಡಿ ತಗೋ, ಯಾವ ಸೊಪ್ಪು ಎಷ್ಟು, ಯಾವ ತಾರೀಖು ಎಂದು ಬಾಟ್ಲಿಯ ಮೇಲೆ ಚೀಟಿ ಅಂಟಿಸು. ಒಂದು ಬೆರಕೆಗೆ ಒಂದೇ ಘಮ. ಬೆಲ್ಲವಾದರೆ ತೆಳ್ಳಗೆ ಕರಗಿಸಿ ಶೋಧಿಸು. ಅತಿಮಧುರವಾದರೆ ಕುದಿಸಿ ಆರಿಸಿದ ನೀರು. ಸುರಿಯಬಾರದು, ಸಿಂಪಡಿಸಬೇಕು. ಸಕ್ಕರೆ, ನೀರು ಹೆಚ್ಚಾದರೆ ಉರಿಯುವಾಗ ಆವಿ ಎದ್ದು ನಾಲಿಗೆ ಸುಡುತ್ತದೆ. ನಿನ್ನ ನಾಲಿಗೆ ಸುಟ್ಟಿದ್ದು ಪೈಪಿನ ತಪ್ಪಲ್ಲ, ಇನ್ನೂ ದುಬಾರಿ ಪೈಪು ಕೊಳ್ಳುವುದು ಅದಕ್ಕೆ ಪರಿಹಾರವೂ ಅಲ್ಲ. ಒಗ್ಗರಣೆ ಎಷ್ಟೇ ಘಮಘಮ ಎಂದರೂ ಹಳಸಿದ ಸಾರು ಹಳಸಿದ್ದೇ ಅಲ್ಲವೇ? ಕೆಟ್ಟ ಸೊಪ್ಪಿಗೂ ಅದೇ ಮಾತು.

ಅತ್ತರು, ಊದುಬತ್ತಿಯ ಎಣ್ಣೆ, ಕೇಕಿನ ಎಸೆನ್ಸು ಇವನ್ನೆಲ್ಲ ತೆಗೆದು ಆಚೆ ಇಡು. ತಿನ್ನಬಹುದಾದ್ದೆಲ್ಲ ಸುಡಬಹುದಾದ್ದಲ್ಲ. ಲವಂಗದ ಎಣ್ಣೆಯಂತೂ ಬೇಡವೇ ಬೇಡ. ಅದು ಗಂಟಲನ್ನು ಮರಗಟ್ಟಿಸುತ್ತದೆ, ಮರಗಟ್ಟಿದ ಗಂಟಲು ಸಾಕು ಅನ್ನುವುದಿಲ್ಲ.

ಘಮ ಹಾಕಿದ ಮೇಲೆ ಎರಡು ವಾರ ಮುಚ್ಚಿಡು. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ಇಣುಕುವುದಾದರೆ ಮುಚ್ಚಿಟ್ಟೂ ಪ್ರಯೋಜನವಿಲ್ಲ. ಹದ ನೋಡಲು ಒಂದು ಚಿಟಿಕೆ ಬೆರಳಲ್ಲಿ ಒತ್ತಿ ಬಿಡು. ಮೆಲ್ಲಗೆ ಬಿಚ್ಚಿಕೊಂಡರೆ ಸರಿ. ಉಂಡೆಯಾಗಿ ಉಳಿದರೆ ಹಸಿ, ಪುಡಿಯಾದರೆ ಒಣಕಲು. ಮುಂಬೈಯ ಜುಲೈ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡ. ಗೋಡೆಯೇ ಬೆವರುವ ಕಾಲ ಅದು, ಬೆಲ್ಲ ತಾಕಿದ ಸೊಪ್ಪಿಗೆ ಬೂಷ್ಟು ಹಿಡಿಯದೆ ಬಿಡುತ್ತದೆಯೇ? ತೇವ ಉಳಿಯಲಿ ಎಂದು ಸೇಬಿನ ಹೋಳು ಹಾಕಿಡುವ ಅಭ್ಯಾಸವೊಂದಿದೆ. ಬೂಷ್ಟಿಗೆ ಅದೇ ಆಮಂತ್ರಣ. ಒಂದು ಎಳೆ ಬಿಳಿ ಕಂಡರೂ ಇಡೀ ಬಾಟ್ಲಿ ಚೆಲ್ಲು. ಮೇಲಿನದನ್ನು ತೆಗೆದರೆ ಸಾಕು ಎಂದು ಜಿಪುಣತನ ಮಾಡಬೇಡ.

ಇನ್ನು ಕಹಿ ಮಾತು, ಕೇಳಿಸಿಕೋ. ಪೈಪಿನ ಹೊಗೆ ಒಳಗೆ ಎಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ನೀನು ಅಮ್ಮನ ಮುಂದೆ ವಾದ ಮಾಡಿದೆಯಂತೆ. ಅದು ಸುಳ್ಳು. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ತುಟಿ, ನಾಲಿಗೆ, ಗಂಟಲು, ಶ್ವಾಸಕೋಶ, ಎಲ್ಲೆಲ್ಲೂ ಕ್ಯಾನ್ಸರ್ ತರುವ ಶಕ್ತಿ ಆ ಹೊಗೆಗಿದೆ. ಪರೇಲಿನಲ್ಲಿ 1941ರಿಂದ ಟಾಟಾ ಆಸ್ಪತ್ರೆ ಇದೆ, ಅಲ್ಲಿನ ಡಾಕ್ಟರರನ್ನೇ ಕೇಳು. ಹೊಗೆ ಎಳೆಯದ ನಮ್ಮ ಊರಿನವರನ್ನೂ ಸೊಪ್ಪು ಸುಮ್ಮನೆ ಬಿಡುವುದಿಲ್ಲ. ಮಳೆಯಲ್ಲಿ ನೆನೆದ ಹಸಿ ಸೊಪ್ಪು ಮುರಿದವರ ಕೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ, ಸೋಪು ಹಾಕಿ ತಿಕ್ಕಿದರೂ ಊಟದ ತುತ್ತು ಕಹಿಯಾಗುತ್ತದೆ. ಚರ್ಮದಿಂದಲೇ ವಿಷ ಏರಿ ತಲೆ ಸುತ್ತಿ ವಾಂತಿ ಮಾಡಿಕೊಂಡ ಹೆಂಗಸರನ್ನು ನಾನು ಹೊಲದ ಬದುವಿನಲ್ಲಿ ನೋಡಿದ್ದೇನೆ.

ಘಮ ಮಾಡುವ ಕೆಲಸ ಇಷ್ಟೇ: ಇದು ವಿಷ ಎಂಬುದನ್ನು ಮೂಗಿಗೆ ಮರೆಸುವುದು. ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟ್ಕಾ ನಿಷೇಧವಾಯಿತು. ಆ ಗುಟ್ಕಾ ಮಕ್ಕಳ ಬಾಯಿಗೆ ಹೋದದ್ದೂ ಸಿಹಿ, ಪರಿಮಳದ ದಾರಿಯಲ್ಲೇ. ನಿನ್ನ ಬೆರಕೆಯನ್ನು ಕಾಲೇಜಿನ ಗೆಳೆಯರಿಗೆ ಹಂಚಬೇಡ, ಮಾರಲೇಬೇಡ. ಚಾಕಲೇಟಿನ ವಾಸನೆಯ ಆ ಬಾಟ್ಲಿಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಂದ ಇವತ್ತೇ ತೆಗೆ, ಬೀಗ ಹಾಕುವ ಕಪಾಟಿನಲ್ಲಿಡು. ಪಕ್ಕದ ಮನೆಯ ಪುಟ್ಟಿ ಕೈ ಹಾಕಿ ಒಂದು ಚಿಟಿಕೆ ನುಂಗಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ನೀನು ಪೈಪು ಹಚ್ಚುವುದು ಐದು ನಿಮಿಷ, ಅದೂ ಕೆಮ್ಮುತ್ತಾ. ಸೊಪ್ಪು ತೂಗುತ್ತಾ, ಬೆರೆಸುತ್ತಾ, ಮೂಸುತ್ತಾ ಕೂರುವುದು ಭಾನುವಾರವಿಡೀ. ನಿನ್ನ ಸಂತೋಷ ಇರುವುದು ಯಾವುದರಲ್ಲಿ ಎಂದು ನನಗೆ ಕಾಣುತ್ತದೆ, ನಿನಗಿನ್ನೂ ಕಂಡಿಲ್ಲ. ಆ ಮೂಗಿಗೆ ಈ ದೇಶದಲ್ಲಿ ಬೇಕಾದಷ್ಟು ಕೆಲಸವಿದೆ. ಚಹಾ ಇದೆ, ಚಿಕ್ಕಮಗಳೂರು ಕೊಡಗಿನ ಕಾಫಿ ಇದೆ. ಬೆರೆಸುವ ವಿದ್ಯೆಯನ್ನೇ ನಂಬಿ ಅನ್ನ ತಿನ್ನುವವರು ಅಲ್ಲಿದ್ದಾರೆ. ತಂಬಾಕನ್ನೂ ಮೂಸಿ ಕಲಿಯಬೇಕಿದ್ದರೆ ಬಾ, ನನಗೆ ಗೊತ್ತಿರುವಷ್ಟನ್ನು ಹೇಳಿಕೊಡುತ್ತೇನೆ. ಹಚ್ಚುವುದೊಂದನ್ನು ಬಿಟ್ಟುಬಿಡು ಮಗಾ. ಈ ಮುದುಕ ನಿನ್ನಲ್ಲಿ ಕೇಳುತ್ತಿರುವುದು ಇದೊಂದೇ.